ಆಸ್ಕರ್ ರಾಬರ್ಟ್‌ಸನ್ ಮತ್ತು ಅವರ ಹೈಸ್ಕೂಲು

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ನನಗೆ ಕೊಟ್ಟ ವಿಷಯ ‘ಶಾಲೆ ಮತ್ತು ಕ್ರೀಡೆ’. ಮೂವತ್ತೊಂದು ವರ್ಷ ಪಿ.ಟಿ. ಮೇಷ್ಟ್ರಾಗಿ ವಿಸಲ್ ಊದಿದವನು ನಾನು. ಈ ವಿಷಯದ ಮೇಲೆ ಉಪದೇಶ ಮಾಡಲು ಹೊರಟರೆ ಮಧ್ಯಾಹ್ನದ ಊಟ ತಣ್ಣಗಾಗುತ್ತದೆ. ಆದ್ದರಿಂದ ಉಪದೇಶ ಬಿಟ್ಟು ಒಬ್ಬ ಆಟಗಾರನ ಕತೆ ಹೇಳುತ್ತೇನೆ. ಮಳೆ ಬಂದು ಮೈದಾನ ಕೆಸರಾದ ದಿನ ನನ್ನ ವಿದ್ಯಾರ್ಥಿಗಳನ್ನು ಕೊಠಡಿಯಲ್ಲಿ ಕೂರಿಸಿಕೊಂಡು ಎಷ್ಟೋ ಸಲ ಇದೇ ಕತೆ ಹೇಳಿದ್ದೇನೆ. ಇಲ್ಲಿ ಕೂತಿರುವ ಕೆಲವರಿಗೆ ಗೊತ್ತಿರಬಹುದು. ಗೊತ್ತಿದ್ದವರು ಸುಮ್ಮನಿರಿ, ಕೊನೆ ಹೇಳಿಬಿಡಬೇಡಿ.

ಆಟಗಾರನ ಹೆಸರು ಆಸ್ಕರ್ ರಾಬರ್ಟ್‌ಸನ್. ದೇಶ ಅಮೆರಿಕ, ಆಟ ಬ್ಯಾಸ್ಕೆಟ್‌ಬಾಲ್. ಈಗ ಅವರು ಎಂಬತ್ತು ದಾಟಿದ ಹಿರಿಯರು. ಹುಡುಗನಾಗಿದ್ದಾಗಿನ ಸಂಗತಿ ಹೇಳುವಾಗ ‘ಅವನು’ ಎನ್ನುತ್ತೇನೆ, ತಪ್ಪು ತಿಳಿಯಬಾರದು.

ಹುಟ್ಟಿದ್ದು 1938ರಲ್ಲಿ, ಟೆನೆಸಿ ರಾಜ್ಯದ ಹಳ್ಳಿಗಾಡಿನಲ್ಲಿ. ಗುಲಾಮರಾಗಿ ದುಡಿದವರ ವಂಶ. ಹುಡುಗ ಚಿಕ್ಕವನಿದ್ದಾಗಲೇ ಕುಟುಂಬ ಕೆಲಸ ಹುಡುಕಿಕೊಂಡು ಇಂಡಿಯಾನಾ ರಾಜ್ಯದ ರಾಜಧಾನಿ ಇಂಡಿಯಾನಾಪೊಲಿಸ್‌ಗೆ ಬಂತು. ಚೆಂಡು ಕೊಳ್ಳುವಷ್ಟು ಹಣ ಮನೆಯಲ್ಲಿ ಇರಲಿಲ್ಲ. ಹುಡುಗ ಹಳೆ ಬಟ್ಟೆಯನ್ನು ಉಂಡೆ ಮಾಡಿ, ರಬ್ಬರ್ ಬ್ಯಾಂಡ್ ಸುತ್ತಿ, ಮನೆಯ ಹಿಂದೆ ಕಟ್ಟಿದ್ದ ಹಣ್ಣಿನ ಬುಟ್ಟಿಗೆ ಎಸೆಯುತ್ತಿದ್ದ. 1891ರಲ್ಲಿ ನೈಸ್ಮಿತ್ ಎಂಬ ಮೇಷ್ಟ್ರು ಈ ಆಟ ಕಂಡುಹಿಡಿದಾಗ ಬಾಲ್ಕನಿಗೆ ಬಡಿದದ್ದೂ ಅಂಥದೇ ಹಣ್ಣಿನ ಬುಟ್ಟಿಗಳನ್ನು. ಆದ್ದರಿಂದಲೇ ಆಟಕ್ಕೆ ಆ ಹೆಸರು.

ಇನ್ನು ಅವನ ಹೈಸ್ಕೂಲಿಗೆ ಬರೋಣ. ಅದರ ಹೆಸರು ಕ್ರಿಸ್ಪಸ್ ಅಟಕ್ಸ್ ಹೈಸ್ಕೂಲು. 1770ರಲ್ಲಿ ಬಾಸ್ಟನ್ ನಗರದಲ್ಲಿ ಬ್ರಿಟಿಷ್ ಸೈನಿಕರ ಗುಂಡಿಗೆ ಬಲಿಯಾದ ಕಪ್ಪು ಮನುಷ್ಯನ ಹೆಸರು ಅದು. ಅದೂ ನಮ್ಮದರಂತೆಯೇ ಸಾರ್ವಜನಿಕರ ಹಣದಲ್ಲಿ ನಡೆಯುವ ಶಾಲೆ. ಆದರೆ ಅದನ್ನು ಕಟ್ಟಿಸಿದ ಉದ್ದೇಶ ಬೇರೆ. ಅಲ್ಲಿಯವರೆಗೆ ಆ ಊರಿನಲ್ಲಿ ಕಪ್ಪು ಮಕ್ಕಳೂ ಬಿಳಿ ಮಕ್ಕಳೂ ಒಂದೇ ಹೈಸ್ಕೂಲಿಗೆ ಹೋಗುತ್ತಿದ್ದರು. 1920ರ ದಶಕದಲ್ಲಿ ಕು ಕ್ಲಕ್ಸ್ ಕ್ಲಾನ್ ಎಂಬ ವರ್ಣದ್ವೇಷಿ ಸಂಘಟನೆ ಇಂಡಿಯಾನಾದಲ್ಲಿ ಬಹಳ ಬಲವಾಗಿತ್ತು. ಕಪ್ಪು ಮಕ್ಕಳನ್ನು ಬೇರೆ ಕೂರಿಸಬೇಕೆಂದು 1927ರಲ್ಲಿ ಈ ಶಾಲೆ ತೆರೆದರು.

ಬೇರೆ ಕೂರಿಸಲು ಕಟ್ಟಿದ ಶಾಲೆ ಮುಂದೆ ಏನಾಯಿತು ನೋಡಿ. ದೊಡ್ಡ ದೊಡ್ಡ ಪದವಿ ಪಡೆದಿದ್ದ ಕಪ್ಪು ವಿದ್ವಾಂಸರಿಗೆ ಆ ಕಾಲದಲ್ಲಿ ಕಾಲೇಜುಗಳಲ್ಲಿ ಕೆಲಸ ಸಿಗುತ್ತಿರಲಿಲ್ಲ. ಅಂಥವರು ಬಂದು ಅಟಕ್ಸ್ ಹೈಸ್ಕೂಲಿನಲ್ಲಿ ಪಾಠ ಮಾಡಿದರು. ಎಂ.ಎ. ಮಾಡಿದವರು, ಡಾಕ್ಟರೇಟ್ ಪಡೆದವರು ಹೈಸ್ಕೂಲ್ ಮಕ್ಕಳಿಗೆ ಮೇಷ್ಟ್ರಾದರು. ಅನ್ಯಾಯದಿಂದ ಹುಟ್ಟಿದ ಶಾಲೆಯನ್ನು ಮೇಷ್ಟ್ರುಗಳು ಹೆಮ್ಮೆಯ ಶಾಲೆ ಮಾಡಿದರು.

ಆಟದಲ್ಲಿಯೂ ಅದೇ ಕಷ್ಟ. 1940ರ ದಶಕದ ಆರಂಭದವರೆಗೆ ಇಂಡಿಯಾನಾ ರಾಜ್ಯದ ಹೈಸ್ಕೂಲ್ ಪಂದ್ಯಾವಳಿಯಲ್ಲಿ ಆಡಲು ಈ ಶಾಲೆಗೆ ಅವಕಾಶವೇ ಇರಲಿಲ್ಲ. ಅವಕಾಶ ಸಿಕ್ಕ ಮೇಲೂ ಪಂದ್ಯ ನಡೆಸುವಷ್ಟು ದೊಡ್ಡ ಅಂಕಣ ಶಾಲೆಯಲ್ಲಿ ಇರಲಿಲ್ಲ. ಪ್ರತಿ ಪಂದ್ಯಕ್ಕೂ ಬೇರೆ ಕಡೆಗೇ ಹೋಗಬೇಕು. ನಮ್ಮ ಮಕ್ಕಳು ತಾಲ್ಲೂಕು ಮಟ್ಟದ ಪಂದ್ಯಕ್ಕೆ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತುವುದಿಲ್ಲವೇ, ಹಾಗೆ.

1950ರಲ್ಲಿ ರೇ ಕ್ರೋ ಎಂಬ ಶಿಕ್ಷಕರು ತಂಡದ ಕೋಚ್ ಆದರು. ಆಸ್ಕರ್‌ನ ಅಣ್ಣ ಅವರ ತಂಡದಲ್ಲಿ ಆಡಿದ. ಆಮೇಲೆ ತಮ್ಮನ ಸರದಿ. 1954ರಲ್ಲಿ ಆಸ್ಕರ್ ಇದ್ದ ತಂಡ ಮಿಲನ್ ಎಂಬ ಹಳ್ಳಿ ಶಾಲೆಯ ಎದುರು ಸೋತಿತು. ಆ ಶಾಲೆಯಲ್ಲಿ ಇದ್ದದ್ದೇ 161 ವಿದ್ಯಾರ್ಥಿಗಳು! ಆ ವರ್ಷ ಇಡೀ ರಾಜ್ಯಕ್ಕೆ ಅವರೇ ಮೊದಲಿಗರಾದರು. ಹಳ್ಳಿ ಶಾಲೆ ಎಂದು ಯಾರಾದರೂ ಮೂಗು ಮುರಿದರೆ ಈ ಸಂಗತಿ ನೆನಪಿಟ್ಟುಕೊಳ್ಳಿ.

ಮರುವರ್ಷ, 1955ರ ಮಾರ್ಚ್. ಅಟಕ್ಸ್ ಹೈಸ್ಕೂಲು 31 ಪಂದ್ಯ ಗೆದ್ದು ಒಂದೇ ಒಂದು ಸೋತು ರಾಜ್ಯದ ಚಾಂಪಿಯನ್ ಆಯಿತು. ಫೈನಲ್ಲಿನಲ್ಲಿ ಅಂಕ 97–74. ಕಪ್ಪು ಮಕ್ಕಳು ಮಾತ್ರ ಓದುವ ಶಾಲೆಯೊಂದು ಎಲ್ಲ ಶಾಲೆಗಳಿಗೂ ತೆರೆದ ರಾಜ್ಯ ಪಂದ್ಯಾವಳಿ ಗೆದ್ದದ್ದು ಅಮೆರಿಕದಲ್ಲಿಯೇ ಅದು ಮೊದಲು. ಇಂಡಿಯಾನಾಪೊಲಿಸ್ ನಗರದ ಯಾವ ಶಾಲೆಯೂ, ಬಿಳಿಯರದಾಗಲಿ ಕಪ್ಪು ಜನರದಾಗಲಿ, ಅಲ್ಲಿಯವರೆಗೆ ಆ ಕಪ್ ತಂದಿರಲಿಲ್ಲ.

ಗೆದ್ದ ತಂಡವನ್ನು ಫೈರ್ ಇಂಜಿನ್ ಮೇಲೆ ಹತ್ತಿಸಿ ಊರ ನಡುವಿನ ಮಾನ್ಯುಮೆಂಟ್ ಸರ್ಕಲ್ಲಿಗೆ ಕರೆತರುವುದು ವಾಡಿಕೆ. ಈ ಹುಡುಗರನ್ನೂ ಹತ್ತಿಸಿದರು. ವಾಹನ ಸರ್ಕಲ್ಲಿಗೆ ಬಂತು. ಆದರೆ ಸಂಭ್ರಮ ಅಲ್ಲಿ ನಡೆಯಲು ಬಿಡಲಿಲ್ಲ. ತಂಡವನ್ನು ಅಲ್ಲಿಂದ ಮುಂದಕ್ಕೆ ಸಾಗಿಸಿ, ಕಪ್ಪು ಜನರ ಕೇರಿಯ ಒಂದು ಪಾರ್ಕಿಗೆ ಕಳಿಸಿದರು. ಕುಣಿಯುವುದಿದ್ದರೆ ನಿಮ್ಮ ಕೇರಿಯಲ್ಲಿ ಕುಣಿದುಕೊಳ್ಳಿ ಎಂದಂತಾಯಿತು. ಕೇರಿ ಎಂದರೇನು, ಊರ ನಡುವೆ ನಿಲ್ಲಬಾರದು ಎಂದರೇನು ಎಂದು ಇಲ್ಲಿ ಕೂತಿರುವ ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಆಸ್ಕರ್‌ಗೆ ಆಗ ಹದಿನಾರು ವರ್ಷ. ಪಾರ್ಕಿನಲ್ಲಿ ಜನ ಬೆಂಕಿ ಹಾಕಿ ಕುಣಿಯುತ್ತಿದ್ದರೆ ಅವನು ಅರ್ಧದಲ್ಲೇ ಎದ್ದು ಮನೆಗೆ ಹೋದ. ಗೆದ್ದ ದಿನವೇ ಮನಸ್ಸು ಮುರಿದಿತ್ತು. ಮರುವರ್ಷ ತಂಡ ಒಂದೂ ಪಂದ್ಯ ಸೋಲದೆ, 31ಕ್ಕೆ 31 ಗೆದ್ದು ಮತ್ತೆ ಚಾಂಪಿಯನ್ ಆಯಿತು. ಅದು ಆ ಹುಡುಗ ಕೊಟ್ಟ ಉತ್ತರ. ಓದಿನಲ್ಲಿಯೂ ಅವನು ತರಗತಿಯ ಮೊದಲ ಹತ್ತನೇ ಒಂದು ಭಾಗದಲ್ಲಿದ್ದ ಎಂಬುದನ್ನು ಇಲ್ಲಿರುವ ಮಕ್ಕಳು ದಯವಿಟ್ಟು ಕೇಳಿಸಿಕೊಳ್ಳಬೇಕು.

ಈಗ ಅವರ ಆಟದ ವಿಚಾರ. ಬ್ಯಾಸ್ಕೆಟ್‌ಬಾಲಿನಲ್ಲಿ ಒಂದು ತಂಡಕ್ಕೆ ಐದು ಜನ. ಸಾಮಾನ್ಯವಾಗಿ ಎತ್ತರದವರು ರಿಂಗಿನ ಕೆಳಗೆ ನಿಂತು, ಬೀಳದೆ ವಾಪಸು ಬಂದ ಚೆಂಡು ಹಿಡಿಯುತ್ತಾರೆ. ಅದು ರಿಬೌಂಡ್. ಚುರುಕಾದವರು ಚೆಂಡು ತಂದು ಜೊತೆಗಾರನ ಕೈಗೆ ಕೊಟ್ಟು ಅಂಕ ಗಳಿಸಲು ದಾರಿ ಮಾಡುತ್ತಾರೆ. ಅದು ಅಸಿಸ್ಟ್. ಗುರಿಕಾರರು ಬುಟ್ಟಿಗೆ ಹಾಕುತ್ತಾರೆ. ರಾಬರ್ಟ್‌ಸನ್ ಆರು ಅಡಿ ಐದು ಅಂಗುಲದ ಆಳು, ಮೂರೂ ಕೆಲಸ ಮಾಡುತ್ತಿದ್ದರು. ನಮ್ಮೂರಲ್ಲಿ ಕೆಲವರು ಇರುತ್ತಾರಲ್ಲ, ನೇಗಿಲು ಹಿಡಿಯಲೂ ಸೈ, ಪಂಪ್‌ಸೆಟ್ ರಿಪೇರಿಗೂ ಸೈ, ಮದುವೆ ಮನೆಯಲ್ಲಿ ಸೌಟು ಹಿಡಿಯಲೂ ಸೈ, ಅಂಥವರು.

ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಆಡಿದ ಮೂರು ವರ್ಷವೂ ದೇಶದ ಕಾಲೇಜು ಆಟಗಾರರಲ್ಲಿ ಅಂಕಗಳಿಕೆಯಲ್ಲಿ ಅವರೇ ಮೊದಲು. ಅದೇ ಹೊತ್ತಿನಲ್ಲಿ ದಕ್ಷಿಣದ ರಾಜ್ಯಗಳಿಗೆ ಆಡಲು ಹೋದಾಗ ಜೊತೆಗಾರರಿಗೆ ಹೋಟೆಲು, ಇವರಿಗೆ ಕಪ್ಪು ವಿದ್ಯಾರ್ಥಿಗಳ ಹಾಸ್ಟೆಲಿನ ಮಂಚ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಜೆರ್ರಿ ವೆಸ್ಟ್ ಜೊತೆಗೆ ತಂಡದ ನಾಯಕತ್ವ ಹಂಚಿಕೊಂಡು ಚಿನ್ನದ ಪದಕ ತಂದರು. ಅದೇ ವರ್ಷ ಸಿನ್ಸಿನಾಟಿ ರಾಯಲ್ಸ್ ಎಂಬ ವೃತ್ತಿಪರ ತಂಡ ಸೇರಿದರು.

ಅವರ ಎರಡನೆಯ ವರ್ಷ, ಅಂದರೆ 1961–62ರ ಋತುವಿನಲ್ಲಿ, ಆಡಿದ 79 ಪಂದ್ಯಗಳ ಸರಾಸರಿ ಹೀಗಿದೆ: 30.8 ಅಂಕ, 12.5 ರಿಬೌಂಡ್, 11.4 ಅಸಿಸ್ಟ್. ಒಂದೇ ಪಂದ್ಯದಲ್ಲಿ ಮೂರರಲ್ಲೂ ಹತ್ತು ಮುಟ್ಟಿದರೆ ಇಂದು ಅದಕ್ಕೆ ‘ಟ್ರಿಪಲ್ ಡಬಲ್’ ಎಂದು ಚಪ್ಪಾಳೆ ತಟ್ಟುತ್ತಾರೆ. ಇಡೀ ವರ್ಷದ ಸರಾಸರಿಯೇ ಹಾಗೆ ಇತ್ತು! ಆಗ ಆ ಹೆಸರೇ ಇರಲಿಲ್ಲ, ಲೆಕ್ಕ ಇಡುವವರೂ ಇರಲಿಲ್ಲ. ಆ ವರ್ಷದ ಅತ್ಯುತ್ತಮ ಆಟಗಾರ ಪ್ರಶಸ್ತಿ ಬಿಲ್ ರಸೆಲ್ ಅವರಿಗೆ ಹೋಯಿತು. ರಾಬರ್ಟ್‌ಸನ್ ಅವರಿಗೆ ಅದು ಸಿಕ್ಕದ್ದು 1964ರಲ್ಲಿ. ಅವರ ಸರಾಸರಿಯ ದಾಖಲೆಯನ್ನು ಮತ್ತೊಬ್ಬರು, ರಸೆಲ್ ವೆಸ್ಟ್‌ಬ್ರೂಕ್, ಮುಟ್ಟಲು 55 ವರ್ಷ ಬೇಕಾಯಿತು. ಜೀವಮಾನದ 181 ಟ್ರಿಪಲ್ ಡಬಲ್‌ಗಳ ದಾಖಲೆ 2021ರವರೆಗೆ ನಿಂತಿತ್ತು.

ಇಷ್ಟಾದರೂ ಸಿನ್ಸಿನಾಟಿಯ ಹತ್ತು ವರ್ಷಗಳಲ್ಲಿ ಲೀಗಿನ ಕಪ್ ಸಿಗಲಿಲ್ಲ. 1970ರಲ್ಲಿ ಅವರನ್ನು ಮಿಲ್ವಾಕೀ ಬಕ್ಸ್ ತಂಡಕ್ಕೆ ಬಿಟ್ಟುಕೊಟ್ಟರು. ಅಲ್ಲಿ ಅವರಿಗಿಂತ ಚಿಕ್ಕ ವಯಸ್ಸಿನ ಏಳಡಿಯ ಆಟಗಾರ ಇದ್ದರು, ಮುಂದೆ ಕರೀಮ್ ಅಬ್ದುಲ್ ಜಬ್ಬಾರ್ ಎಂದು ಹೆಸರಾದವರು. ರಾಬರ್ಟ್‌ಸನ್ ತಾವು ಅಂಕ ಗಳಿಸುವುದನ್ನು ಕಡಿಮೆ ಮಾಡಿಕೊಂಡು ಆ ಹುಡುಗನಿಗೆ ಚೆಂಡು ಒದಗಿಸಿದರು. 1971ರಲ್ಲಿ ಬಾಲ್ಟಿಮೋರ್ ತಂಡವನ್ನು ಫೈನಲ್ ಸರಣಿಯಲ್ಲಿ 4–0ಯಿಂದ ಸೋಲಿಸಿ ಕಪ್ ಎತ್ತಿದರು. ಎಲ್ಲ ಕೆಲಸ ಬಲ್ಲವನಿಗೆ ಯಾವ ಕೆಲಸ ಇನ್ನೊಬ್ಬರಿಗೆ ಬಿಡಬೇಕು ಎಂಬುದೂ ಗೊತ್ತಿರಬೇಕು. ಮನೆಯ ಹಿರಿಯರಿಗೂ ಈ ಮಾತು ಅನ್ವಯಿಸುತ್ತದೆ.

ಅಂಕಣದ ಹೊರಗೂ ಅವರು ಸುಮ್ಮನಿರಲಿಲ್ಲ. 1965ರಿಂದ 1974ರವರೆಗೆ ಆಟಗಾರರ ಸಂಘದ ಅಧ್ಯಕ್ಷರಾಗಿದ್ದರು. ಆಗ ಒಂದು ತಂಡ ಸೇರಿದ ಆಟಗಾರ, ಆ ತಂಡ ಬಿಡುವವರೆಗೆ ಅದರ ಆಳು. ಕರಾರು ಮುಗಿದರೂ ಬೇರೆ ತಂಡಕ್ಕೆ ತಾನಾಗಿ ಹೋಗುವಂತಿಲ್ಲ. ಗುಲಾಮರ ಮರಿಮಗನಿಗೆ ಈ ಪದ್ಧತಿಯ ಅರ್ಥ ಬೇಗ ಹೊಳೆದಿರಬೇಕು. 1970ರಲ್ಲಿ ಸಂಘ ಅವರ ಹೆಸರಿನಲ್ಲೇ ಲೀಗಿನ ಮೇಲೆ ದಾವೆ ಹೂಡಿತು. ಇನ್ನೂ ಆಡುತ್ತಿದ್ದ ಆಟಗಾರ ಅನ್ನ ಕೊಡುವವರ ಮೇಲೆಯೇ ಕೋರ್ಟಿಗೆ ಹೋಗುವುದು ಸಣ್ಣ ಮಾತಲ್ಲ. ದಾವೆ ರಾಜಿಯಾದದ್ದು 1976ರಲ್ಲಿ. ಅಷ್ಟರಲ್ಲಿ ಅವರು ನಿವೃತ್ತರಾಗಿ ಎರಡು ವರ್ಷ ಆಗಿತ್ತು. ಫಲ ಉಂಡವರು ಮುಂದಿನ ತಲೆಮಾರಿನವರು. ಇಂದು ಆಟಗಾರರು ಕರಾರು ಮುಗಿದ ಮೇಲೆ ತಮಗೆ ಬೇಕಾದ ತಂಡ ಆರಿಸಿಕೊಳ್ಳುವುದಕ್ಕೆ ಆ ದಾವೆಯೇ ಬುನಾದಿ. ಇನ್ನೊಂದು ಮಾತು: 1997ರಲ್ಲಿ ತಮ್ಮ ಮಗಳಿಗೆ ಒಂದು ಮೂತ್ರಪಿಂಡ ಕೊಟ್ಟರು. ಅವರ ಎಲ್ಲ ಅಸಿಸ್ಟ್‌ಗಳಲ್ಲಿ ಅದು ದೊಡ್ಡದು ಎಂದು ನಾನು ನನ್ನ ಮಕ್ಕಳಿಗೆ ಹೇಳುತ್ತಿದ್ದೆ.

ಈಗ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಹೆಣ್ಣುಮಕ್ಕಳ ಥ್ರೋಬಾಲ್ ತಂಡ ತಾಲ್ಲೂಕಿಗೆ ಮೊದಲು ಬಂತು. ಕೊನೆ ಬಸ್ಸಿಗೆ ಊರು ಸೇರಿದೆವು. ಕತ್ತಲಾಗಿತ್ತು, ಸ್ಟ್ಯಾಂಡಿನಲ್ಲಿ ಯಾರೂ ಇರಲಿಲ್ಲ. ಒಬ್ಬಳು ಕೇಳಿದಳು: “ಸಾರ್, ನಾಳೆ ಪ್ರೇಯರ್‌ನಲ್ಲಿ ನಮ್ಮ ಹೆಸರು ಹೇಳ್ತೀರಾ?” ಹೇಳ್ತೀನಮ್ಮ ಎಂದೆ. ಮರುದಿನ ಇಲಾಖೆಯಿಂದ ತಪಾಸಣೆಗೆ ಬಂದರು, ಗಡಿಬಿಡಿಯಲ್ಲಿ ಮರೆತೆ. ಅದರ ಮರುದಿನವೂ ಹೇಳಲಿಲ್ಲ. ಆ ಹುಡುಗಿ ಮತ್ತೆ ಕೇಳಲಿಲ್ಲ. ಮುಂದಿನ ವರ್ಷ ತಂಡಕ್ಕೂ ಬರಲಿಲ್ಲ. ರಾಬರ್ಟ್‌ಸನ್ ಅವರ ಫೈರ್ ಇಂಜಿನ್ ಕತೆ ಹೇಳುವಾಗಲೆಲ್ಲ ಆ ಊರಿನ ಬಿಳಿಯರನ್ನು ಬೈಯುತ್ತಿದ್ದ ನನಗೆ ಬಹಳ ವರ್ಷದ ಮೇಲೆ ಹೊಳೆಯಿತು, ಸರ್ಕಲ್ಲಿನಲ್ಲಿ ಗಾಡಿ ನಿಲ್ಲಿಸದೆ ಹೋದವರಲ್ಲಿ ನಾನೂ ಒಬ್ಬ. ಅವರದು ದ್ವೇಷ, ನನ್ನದು ಮರೆವು. ಮಗುವಿನ ಮನಸ್ಸಿಗೆ ಎರಡೂ ಒಂದೇ ಥರ ತಾಗಿರಬಹುದು.

ಇನ್ನು ಕತೆಯ ಕೊನೆ. 2015ರಲ್ಲಿ, ಅಂದರೆ 60 ವರ್ಷ ಕಳೆದ ಮೇಲೆ, ಇಂಡಿಯಾನಾಪೊಲಿಸ್ ನಗರ ತನ್ನ ದೊಡ್ಡ ಕಾರ್ ರೇಸಿನ ಹಬ್ಬದ ಮೆರವಣಿಗೆಗೆ 1955ರ ಅಟಕ್ಸ್ ತಂಡದಲ್ಲಿ ಬದುಕಿದ್ದವರನ್ನು ಮುಖ್ಯ ಅತಿಥಿಗಳಾಗಿ ಕರೆಯಿತು. ಅಜ್ಜಂದಿರಾಗಿದ್ದ ಹುಡುಗರು ಊರ ನಡುವೆ ಮೆರೆದರು. 2017ರಲ್ಲಿ ಅಟಕ್ಸ್ ಹೈಸ್ಕೂಲು 1959ರ ನಂತರ ಮೊದಲ ಬಾರಿಗೆ ಮತ್ತೆ ರಾಜ್ಯ ಪ್ರಶಸ್ತಿ ಗೆದ್ದಿತು. ಆ ಮಕ್ಕಳ ಕೊರಳಿಗೆ ಪದಕ ಹಾಕಲು ಬಂದಿದ್ದವರು ಆಸ್ಕರ್ ರಾಬರ್ಟ್‌ಸನ್. 26,710 ಅಂಕ ಗಳಿಸಿದ ಮನುಷ್ಯ ತನ್ನ ಹೈಸ್ಕೂಲನ್ನು ಮರೆತಿರಲಿಲ್ಲ.

ಈ ಸುವರ್ಣ ಮಹೋತ್ಸವದಲ್ಲಿ ನನ್ನದು ಒಂದೇ ಕೋರಿಕೆ. ಐವತ್ತು ವರ್ಷಗಳಲ್ಲಿ ಈ ಶಾಲೆಯ ಪರವಾಗಿ ಆಡಿದ ಮಕ್ಕಳ ಹೆಸರು ಯಾವ ಗೋಡೆಯ ಮೇಲೂ ಇಲ್ಲ. ಹಳೆಯ ಹಾಜರಿ ಪುಸ್ತಕ, ಸರ್ಟಿಫಿಕೇಟು, ಹಿರಿಯರ ನೆನಪು, ಎಲ್ಲ ಕೆದಕಿ ಒಂದು ಬೋರ್ಡು ಬರೆಸೋಣ. ಗೆದ್ದವರದೂ ಇರಲಿ, ಸೋತು ಬಂದವರದೂ ಇರಲಿ. ಬಣ್ಣದ ಖರ್ಚು ನನ್ನ ಪೆನ್ಷನ್ನಿನಲ್ಲಿ. ಮತ್ತು ಮಕ್ಕಳು ಆಡಿ ಬಂದ ಮರುದಿನ, ಯಾರೇ ತಪಾಸಣೆಗೆ ಬಂದಿರಲಿ, ಪ್ರೇಯರ್‌ನಲ್ಲಿ ಅವರ ಹೆಸರು ಹೇಳಿ.