ನಮ್ಮ ನೆರೆಯ ಸಿದ್ದಿ ಜನರು



ಹಲಸಿ ಕದಂಬರ ಎರಡನೆಯ ರಾಜಧಾನಿ ಪಲಾಶಿಕಾ ಎಂಬುದು ನಿಮಗೆಲ್ಲ ಬಾಯಿಪಾಠ. ಆದರೆ ಇದೇ ಖಾನಾಪುರ ತಾಲೂಕಿನ ಕಾಡಂಚಿನಲ್ಲಿರುವ ಸಿದ್ದಿಯರ ಬಗ್ಗೆ ಎಷ್ಟು ಬಲ್ಲಿರಿ? ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ತಂದು, ಅಲ್ಲಿಂದ ತಪ್ಪಿಸಿಕೊಂಡು ಕಾಡು ಸೇರಿದವರ ವಂಶಜರು ಇವರಲ್ಲಿ ಅನೇಕರು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. ದಮಾಮಿ ಬಡಿದು ಕುಣಿಯುವುದು ಅವರ ಹಳೆಯ ಸಂಪ್ರದಾಯ.

ನನಗೆ ಹೆಚ್ಚು ಇಷ್ಟವಾದದ್ದು ಅವರ ಹೆಂಗಸರು ಹೊಲಿಯುವ ಕೌದಿ. ಹಳೆಯ ಸೀರೆಯ ಮೇಲೆ ಬಣ್ಣಬಣ್ಣದ ಬಟ್ಟೆತುಂಡುಗಳನ್ನಿಟ್ಟು, ಅಂಚಿನಿಂದ ಸುತ್ತುತ್ತ ನಡುವಿನವರೆಗೆ ಕೈಹೊಲಿಗೆ ಹಾಕುತ್ತಾರೆ. ಮುಸ್ಲಿಮರ ಕೌದಿಯಲ್ಲಿ ಚಂದ್ರ, ಕ್ರೈಸ್ತರದರಲ್ಲಿ ಶಿಲುಬೆ ಕಾಣುವುದುಂಟು. ಯಾರದೇ ಇರಲಿ, ನಾಲ್ಕೂ ಮೂಲೆಗಳಿಗೆ ‘ಫೂಲ’ ಎಂಬ ಮಡಚಿದ ತುಂಡುಗಳನ್ನು ಹಚ್ಚಬೇಕು. ಇಲ್ಲವಾದರೆ ಕೌದಿ ಬೆತ್ತಲೆ ಎನ್ನುತ್ತಾರೆ!

ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಕಾಡು ಒಂದೇ ಆದರೂ ಜಿಲ್ಲೆ ಬೇರೆ ಎಂದು ನಮ್ಮ ಬೆಳಗಾವಿಯವರು 2020ರವರೆಗೆ ಕಾಯಬೇಕಾಯಿತು. ಹದಿನೇಳು ವರ್ಷ! ಅಷ್ಟರಲ್ಲಿ ಹುಟ್ಟಿದ ಮಗು ಶಾಲೆ ಮುಗಿಸಿರುತ್ತದೆ, ಇಲ್ಲವೇ ಬಿಟ್ಟಿರುತ್ತದೆ.

ಗುಂಗುರು ಕೂದಲಿನ ಸಿದ್ದಿ ಹುಡುಗ ತರಗತಿಗೆ ಬಂದರೆ ‘ನೀನು ಯಾವ ದೇಶದವನೋ?’ ಎಂದು ನಗುವವರು ನಿಮ್ಮಲ್ಲೂ ಇದ್ದಾರೆ. ಅವನು ಖಾನಾಪುರದವನು. ಒಮ್ಮೆ ಅವನ ಅಜ್ಜಿಯ ಕೌದಿಯನ್ನು ನೋಡಿ ಬನ್ನಿ.