ಹಳೆಯ ಮರಕ್ಕೆ ಹೊಸ ಬಿಜಾಗ್ರಿ
(ಉಪನ್ಯಾಸದ ಬರಹರೂಪ)



ಉಡುಪಿ, ಕಾಪು, ಕಾರ್ಕಳಗಳ ಹಳೆಯ ಮನೆಗಳಲ್ಲಿ ಹಲಸು, ತೇಗ, ಬೀಟೆ ಮರದ ಪೆಟ್ಟಿಗೆ, ಕಪಾಟು, ಪತ್ತಾಯಗಳು ಇನ್ನೂ ಉಳಿದಿವೆ. ಇವು ಗುಜರಿ ಸೇರುವುದಕ್ಕೆ ಎಷ್ಟೋ ಸಲ ಮರದ ದೋಷ ಕಾರಣವಲ್ಲ. ಸಡಿಲಗೊಂಡ ಒಂದು ಬಿಜಾಗ್ರಿ, ಮುರಿದ ಒಂದು ಚಿಲಕ ಕಾರಣ. ಅಂಗೈಯಗಲದ ಲೋಹದ ನೆಪದಲ್ಲಿ ತಲೆಮಾರುಗಳ ಕಾಲ ಬೆಳೆದ ಮರವನ್ನು ಹೊರಹಾಕಿ, ಅದರ ಬದಲಿಗೆ ಮತ್ತೊಂದು ಮರವನ್ನು ಕಡಿಯುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.

ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು (1934–2017) ರೂಪಿಸಿದ ಹಸ್ತಶಿಲ್ಪ ಪರಂಪರೆ ಗ್ರಾಮವು ಇದಕ್ಕೆ ಉತ್ತರವಾಗಿ ನಿಂತಿದೆ. ಕಾರ್ಕಳ ಬಳಿಯ ಮಿಯ್ಯಾರಿನ ಮನೆ, ಕಾಪು ಕಡೆಯ ಕುಂಜೂರಿನ ಚೌಕಿ ಮನೆ ಮೊದಲಾದವುಗಳನ್ನು ಬಿಚ್ಚಿ ತಂದು ಅಲ್ಲಿ ಮರಳಿ ಜೋಡಿಸಲಾಗಿದೆ. ಬಿಚ್ಚಿ ಜೋಡಿಸಬಹುದಾದುದು ಬಾಳುತ್ತದೆ ಎಂಬುದೇ ಅದರ ಪಾಠ. ಮನೆಗೆ ಸಲ್ಲುವ ಈ ನಿಯಮ ಪೆಟ್ಟಿಗೆಗೂ ಸಲ್ಲುತ್ತದೆ. ಹೊಸದಾಗಿ ಹಾಕುವ ಲೋಹವು ಮುಂದೆ ಮರಕ್ಕೆ ಗಾಯವಾಗದಂತೆ ಬಿಚ್ಚಿ ಬರಬೇಕು; ಸೋಲುವ ಸಂದರ್ಭ ಬಂದರೆ ಲೋಹ ಸೋಲಬೇಕು, ಮರ ಸೋಲಬಾರದು.

ಆದುದರಿಂದ ಮೊದಲನೆಯ ಮಾತು: ಕೆಲಸ ಮಾಡುತ್ತಿರುವ ಹಳೆಯ ಬಿಜಾಗ್ರಿಯನ್ನು ತೆಗೆಯಬಾರದು. ನಾಲ್ಕರಲ್ಲಿ ಒಂದು ಕೆಟ್ಟಿದ್ದರೆ ಒಂದನ್ನೇ ಬದಲಿಸಬೇಕು.

ಎರಡನೆಯದು ಲೋಹದ ಆಯ್ಕೆ. ಅನೇಕ ಮರಗಳಲ್ಲಿ ಟ್ಯಾನಿನ್ ಎಂಬ ಒಗರು ದ್ರವ್ಯವಿರುತ್ತದೆ. ಮಳೆಗಾಲದ ತೇವದಲ್ಲಿ ಕಬ್ಬಿಣವು ಅದರೊಡನೆ ಕೂಡಿದಾಗ ನೀಲಿಗಪ್ಪು ಕಲೆ ಹುಟ್ಟುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಮೊಳೆಯ ಸುತ್ತಲ ಮರ ಸೀಳುತ್ತದೆ, ನಾರು ಜೀರ್ಣವಾಗುತ್ತದೆ. ಹಿತ್ತಾಳೆಯ ಪಟ್ಟಿಗೆ ಕಬ್ಬಿಣದ ಸ್ಕ್ರೂ ಹಾಕುವುದು ಇನ್ನೂ ದೊಡ್ಡ ತಪ್ಪು. ಎರಡು ಲೋಹಗಳ ನಡುವೆ ಉಪ್ಪಿನ ತೇವ ಸೇರಿದರೆ ವಿದ್ಯುತ್ ಕೋಶದಂತಹ ಕ್ರಿಯೆ ನಡೆದು ಕಬ್ಬಿಣವು ಬೇಗ ಸವೆಯುತ್ತದೆ. ಕಾಪುವಿನಂತಹ ಕಡಲತೀರದಲ್ಲಿ ಇದು ವಿಶೇಷವಾಗಿ ಅನ್ವಯಿಸುತ್ತದೆ. ಹಿತ್ತಾಳೆಗೆ ಹಿತ್ತಾಳೆಯ ಸ್ಕ್ರೂವೇ ಸರಿ. ಮೂಲದಲ್ಲಿ ಕಬ್ಬಿಣವಿದ್ದ ಭಾರದ ಬಾಗಿಲಿಗೆ ಕಬ್ಬಿಣವೇ ಇರಲಿ. ಅದಕ್ಕೆ ಜೇನುಮೇಣ ಸವರಿ ತೇವವನ್ನು ತಡೆಯಬೇಕು.

ಅಂಗಡಿಯಲ್ಲಿ ಹಿತ್ತಾಳೆಯೆಂದು ಕೊಡುವುದೆಲ್ಲ ಹಿತ್ತಾಳೆಯಲ್ಲ. ಅಯಸ್ಕಾಂತ ಅಂಟಿದರೆ ಅದು ಬಣ್ಣ ಕೊಟ್ಟ ಅಥವಾ ಲೇಪ ಕೊಟ್ಟ ಕಬ್ಬಿಣ. ನಿಜವಾದ ಹಿತ್ತಾಳೆಗೂ ಒಬ್ಬ ಶತ್ರು ಇದ್ದಾನೆ. ಬ್ರಿಟಿಷರ ಕಾಲದಲ್ಲಿ ಭಾರತದ ಸೈನ್ಯವು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿಟ್ಟ ಹಿತ್ತಾಳೆಯ ತೋಟಾಗಳು ತಾವಾಗಿಯೇ ಬಿರಿಯುತ್ತಿದ್ದವು. ಪ್ರಾಣಿಗಳ ಮೂತ್ರದಿಂದ ಏಳುವ ಅಮೋನಿಯವೇ ಕಾರಣವೆಂಬುದು 1921ರಲ್ಲಿ ಸ್ಪಷ್ಟವಾಯಿತು. ಬಡಿದು, ಬಗ್ಗಿಸಿ ಮಾಡಿದ, ಒಳಗೆ ಬಿಗಿತ ಉಳಿದ ಹಿತ್ತಾಳೆಗೆ ಈ ಅಪಾಯ ಹೆಚ್ಚು. ಹಟ್ಟಿಗೆ ತಾಗಿದ ಕೋಣೆಯ ಕಪಾಟಿಗೆ ಅಂತಹ ತೆಳು ತಗಡಿನ ಬಿಜಾಗ್ರಿ ತಕ್ಕುದಲ್ಲ.

ಮೂರನೆಯದು ಅಳತೆ. ಹಳೆಯದರ ಉದ್ದ, ಅಗಲ, ದಪ್ಪ, ತೂತುಗಳ ಅಂತರ ಇವನ್ನು ಕಾಗದದ ಮೇಲೆ ಗೀಚಿಕೊಂಡು ಅಂಗಡಿಗೆ ಹೋಗಬೇಕು. ಸಾಧ್ಯವಾದರೆ ಹಳೆಯದನ್ನೇ ಒಯ್ಯಬೇಕು. ತೂತು ಸಡಿಲಾಗಿದ್ದರೆ ದಪ್ಪ ಸ್ಕ್ರೂ ತುರುಕಬಾರದು. ಅದೇ ಜಾತಿಯ ಮರದ ಕಡ್ಡಿಯನ್ನು ಅಂಟಿನೊಡನೆ ತುಂಬಿ, ಒಣಗಿದ ಮೇಲೆ ಸಣ್ಣ ತೂತು ಕೊರೆದು ಹಿಂದಿನ ಅಳತೆಯ ಸ್ಕ್ರೂ ಹಾಕಬೇಕು. ಹಲಗೆ ಮಳೆಗಾಲದಲ್ಲಿ ಅಡ್ಡಕ್ಕೆ ಹಿಗ್ಗಿ ಬೇಸಗೆಯಲ್ಲಿ ಕುಗ್ಗುವುದರಿಂದ, ಅಡ್ಡಪಟ್ಟಿಯ ತೂತುಗಳು ತುಸು ಉದ್ದವಾಗಿರಬೇಕು. ಇಲ್ಲವಾದರೆ ಹಲಗೆ ಬಿರಿಯುತ್ತದೆ. ಹಿತ್ತಾಳೆಯನ್ನು ಹುಣಸೆಹುಳಿ, ಉಪ್ಪಿನಿಂದ ಉಜ್ಜುವ ರೂಢಿ ಪಾತ್ರೆಗೆ ಒಳ್ಳೆಯದು. ಮರಕ್ಕೆ ಅಂಟಿದ ಪಟ್ಟಿಗೆ ಅದು ಸಲ್ಲದು. ಹುಳಿಯೂ ಉಪ್ಪೂ ಸಂದಿಯಲ್ಲಿ ಉಳಿದು ಒಳಗಿನಿಂದ ತಿನ್ನುತ್ತವೆ.

ಸರಿಹೊಂದುವ ಬಿಜಾಗ್ರಿ ಪೇಟೆಯಲ್ಲಿ ಸಿಗದಿದ್ದರೆ ಹಳೆಯದನ್ನೇ ಮಾದರಿಯಾಗಿಟ್ಟು ಎರಕ ಹೊಯ್ಯಿಸುವುದು ಉಳಿದಿರುವ ದಾರಿ. ಅದಕ್ಕೆ ಖರ್ಚು ಹೆಚ್ಚೆನಿಸಬಹುದು. ಆದರೆ ಆ ಹಣ ಊರಿನ ಕುಶಲಕರ್ಮಿಯ ಕೈ ಸೇರುತ್ತದೆ, ಅವನ ವಿದ್ಯೆ ಉಳಿಯುತ್ತದೆ.

ವಿದ್ಯಾರ್ಥಿಗಳು ಈ ರಜೆಯಲ್ಲಿ ತಮ್ಮ ಮನೆಯ ಅಟ್ಟ ಹತ್ತಿ, ಬಾಗಿಲು ಕಳಚಿದ ಕಪಾಟುಗಳೆಷ್ಟಿವೆ ಎಂದು ಎಣಿಸಲಿ. ಹಿರಿಯರು ಗುಜರಿಯವನನ್ನು ಕರೆಯುವ ಮುನ್ನ ಆಚಾರಿಯನ್ನು ಕರೆಯಲಿ. ಕಾಡನ್ನು ಉಳಿಸುವ ಕೆಲಸ ಕಾಡಿನಲ್ಲೇ ಆರಂಭವಾಗಬೇಕೆಂದಿಲ್ಲ. ಅದು ಒಂದು ಸ್ಕ್ರೂವಿನ ಆಯ್ಕೆಯಲ್ಲಿಯೂ ಆರಂಭವಾಗಬಹುದು.