ಮೊದಲು ರೊಟ್ಟಿ, ಆಮೇಲೆ ಮಾತು



ದಣಿವು ಮತ್ತು ಕ್ರೈಸ್ತ ವಿಶ್ವಾಸದ ಬಗ್ಗೆ ಮಾತಾಡಲು ಈ ಮಲ್ಲಟದ ಸೀಮೆಗಿಂತ ತಕ್ಕ ಜಾಗ ಬೇಡ. ಹತ್ತಿ ಬಿಡಿಸುವ ಕಾಲದಲ್ಲಿ ನಸುಕಿಗೇ ಎದ್ದು ರೊಟ್ಟಿ ಬಡಿದು, ಬುತ್ತಿ ಕಟ್ಟಿ, ಟಂಟಂ ಏರಿ ಹೊಲಕ್ಕೆ ಹೋಗುವ ಹೆಣ್ಣುಮಗಳ ಬೆರಳುಗಳನ್ನು ನೋಡಿ. ಒಣಗಿದ ಕಾಯಿಯ ಚೂಪು ತುದಿ ಚುಚ್ಚಿ ಚುಚ್ಚಿ ಉಗುರಿನ ಸಂದು ಒಡೆದಿರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗಕ್ಕೆ ನೀರು ಬಾರದ ವರ್ಷ ಬೆಂಗಳೂರಿಗೆ ಗುಳೆ. ಇಂಥವಳು ಭಾನುವಾರದ ಆರಾಧನೆಯಲ್ಲಿ ತೂಕಡಿಸಿದರೆ ನಾವೇನನ್ನುತ್ತೇವೆ? ‘ವಿಶ್ವಾಸ ಕಡಿಮಿ ಆಗ್ಯಾದ’ ಅನ್ನುತ್ತೇವೆ. ಈ ಮಾತು ತಪ್ಪು ಎಂಬುದೇ ನನ್ನ ವಾದ.

ಅರಸುಗಳ ಮೊದಲನೆಯ ಗ್ರಂಥದ 19ನೇ ಅಧ್ಯಾಯ ತೆಗೆಯಿರಿ. ಕರ್ಮೆಲ್ ಬೆಟ್ಟದಲ್ಲಿ ಗೆದ್ದ ಪ್ರವಾದಿ ಎಲೀಯ ಆ ಬೆನ್ನಿಗೇ ರಾಣಿ ಈಜೆಬೆಲಳ ಬೆದರಿಕೆಗೆ ಅಂಜಿ ಓಡುತ್ತಾನೆ. ಬೇರ್ಷೆಬದಲ್ಲಿ ಆಳನ್ನು ಬಿಟ್ಟು, ಒಬ್ಬನೇ ಅಡವಿ ಹೊಕ್ಕು, ಗಿಡದ ಬುಡದಲ್ಲಿ ಕೂತು, ಸಾವು ಕೊಡೆಂದು ಬೇಡುತ್ತಾನೆ. ದೇವರು ಬುದ್ಧಿ ಹೇಳುವುದಿಲ್ಲ, ಮಲಗಲು ಬಿಡುತ್ತಾನೆ. ದೂತ ಬಂದು ತಟ್ಟಿ ಎಬ್ಬಿಸಿದಾಗ ತಲೆದೆಸೆಯಲ್ಲಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ಕುಡಿಯಲು ನೀರು. ಉಂಡವನು ಮತ್ತೆ ಮಲಗುತ್ತಾನೆ, ಅದಕ್ಕೂ ಆಕ್ಷೇಪವಿಲ್ಲ. ಎರಡನೆಯ ಸಲ ಉಣಿಸಿದ ಮೇಲೇ 40 ದಿನದ ನಡಿಗೆ. ದೇವರು ಅವನನ್ನು ಮಾತಾಡಿಸುವುದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ.

ಈ ಬಿಡುವು ಪ್ರವಾದಿಗೆ ಮಾತ್ರವಲ್ಲ: ವಿಮೋಚನಕಾಂಡದ 23ನೇ ಅಧ್ಯಾಯದಲ್ಲಿ ಏಳನೆಯ ದಿನದ ಬಿಡುವು ಎತ್ತು-ಕತ್ತೆಗೂ, ದಾಸಿಯ ಮಗನಿಗೂ, ಪರದೇಶಿಗೂ ಸಲ್ಲುತ್ತದೆ. ಸೋಮವಾರ ಎತ್ತು ಹೂಡದ ನಮ್ಮ ರೈತರಿಗೆ ಇದು ಹೊಸದೇನಲ್ಲ. ಎತ್ತಿಗಿರುವ ಬಿಡುವು ಮನೆಯಾಕೆಗಿಲ್ಲ, ಅಷ್ಟೆ.

ಹಾಗಂತ ಉಂಡು ಮಲಗಿದರೆ ಎಲ್ಲ ದಣಿವೂ ಇಳಿಯುವುದಿಲ್ಲ. ಶರೀರಕ್ಕೆ ನಾಟಿದ ಮುಳ್ಳನ್ನು ತೆಗೆಯೆಂದು ಅಪೊಸ್ತಲ ಪೌಲ ಮೂರು ಸಲ ಬೇಡಿದ. ಮುಳ್ಳು ಹೋಗಲಿಲ್ಲ, ಅದರೊಡನೆ ಬಾಳುವ ಕಸುವು ಬಂತು. ವಿಶ್ವಾಸ ಕೊಡುವ ಬಲವೆಂದರೆ ಬಹುಮಟ್ಟಿಗೆ ಇದೇ. ಬಳಲಿದ ದೇಹದ ಭಕ್ತಿ ಈ ನೆಲಕ್ಕೆ ಪರಕೀಯವೂ ಅಲ್ಲ: ‘ಹರಿಕಥಾಮೃತಸಾರ’ದ ಜಗನ್ನಾಥದಾಸರು ಹೊಟ್ಟೆಶೂಲೆಯಲ್ಲಿ ನರಳಿದ ಕಥೆ ಮಾನ್ವಿಯಲ್ಲಿ ಮನೆಮಾತು. ಕ್ರೈಸ್ತ ವಿಶ್ವಾಸವೂ ಇಲ್ಲಿಗೆ ಹೊಸದಲ್ಲ: ಮುದಗಲ್ಲಿನ ಕಥೋಲಿಕ ಸಭೆ ಆದಿಲಶಾಹಿ ಕಾಲದ್ದು. ನಮ್ಮ ಜಿಲ್ಲೆಯ ಸಭೆಗಳು ಬರಗಾಲಗಳನ್ನು ಹೇಗೆ ದಾಟಿದವೆಂದು ಹಿರಿಯರ ಬಾಯಿಂದ ಕೇಳಿ ಬರೆದಿಡುವುದು ಇಲ್ಲಿರುವ ಸಂಶೋಧಕರ ಕೆಲಸ.

ಸಭಾಪಾಲಕರಲ್ಲಿ ಒಂದು ವಿನಂತಿ. ದಣಿದು ಮನಸ್ಸು ಕುಸಿದವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ. ಅವರನ್ನು ವೈದ್ಯರ ಬಳಿಗೂ ಕರೆದೊಯ್ಯಿರಿ. ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಂಖ್ಯೆ 14416. ಅದನ್ನು ನಿಮ್ಮ ದೇವಾಲಯದ ಸೂಚನಾ ಫಲಕದಲ್ಲಿ ಈ ವಾರವೇ ಬರೆಸಿ.